ಖಾಲಿ ಪೆಟ್ಟಿಗೆಗೆ ಕುಂಕುಮ

ನುಸಿಗುಳಿಗೆಯ ವಾಸನೆ ಬಂದರೆ ಇಂದಿಗೂ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಪ್ಪ ನೆನಪಾಗುತ್ತಾನೆ. ಸನತ್‌ನಗರದ ನಮ್ಮ ಎರಡು ಕೋಣೆಯ ಮನೆಯಲ್ಲಿ ನಮಗಿಂತ ಹೆಚ್ಚು ಜಾಗ ನುಸಿಗುಳಿಗೆ ಹಾಕಿಟ್ಟ ಅವನ ಪೆಟ್ಟಿಗೆಗಳಿಗಿತ್ತು. ವಾದ್ಯ ಕೊಳ್ಳುವಷ್ಟು ಸಂಬಳ ಕಾರ್ಖಾನೆಯಲ್ಲಿ ಬರುತ್ತಿರಲಿಲ್ಲ. ಅದಕ್ಕೇ ಹಳೆ ಸಾಮಾನಿನ ಬಜಾರಿನಿಂದ ವಾದ್ಯಗಳ ಖಾಲಿ ಪೆಟ್ಟಿಗೆ ತರುತ್ತಿದ್ದ. ಪಿಟೀಲಿನದು, ಕೊಳಲಿನದು, ಮುಚ್ಚಳ ಮುರಿದ ಹಾರ್ಮೋನಿಯಂನದು. ಎಲ್ಲಕ್ಕಿಂತ ಹಳೆಯದು ದಿಲ್ರುಬಾ ಎಂಬ ತಂತಿವಾದ್ಯದ ಪೆಟ್ಟಿಗೆ: ತೇಗದ ಮರ, ಹಿತ್ತಾಳೆಯ ಕೊಂಡಿ, ಒಳಗೆ ಮಾಸಿದ ಕೆಂಪು ಮಖಮಲ್ಲು. ನೆರೆಯವರು ನಕ್ಕರೆ, "ಮೊದಲ ಮನಿ ಕಟ್ಟಬೇಕ್ರಿ, ಸೊಸಿ ಆಮ್ಯಾಲ ಬರತಾಳ," ಎನ್ನುತ್ತಿದ್ದ.

ಮಹಾನವಮಿಯ ಖಂಡೇಪೂಜೆಗೆ ಓಣಿಯ ತುಂಬ ಸ್ಪ್ಯಾನರು, ಸೈಕಲ್ಲುಗಳಿಗೆ ಪೂಜೆಯಾದರೆ, ನಮ್ಮಲ್ಲಿ ಆ ಖಾಲಿ ಪೆಟ್ಟಿಗೆಗೆ ಕುಂಕುಮ. ಹಿತ್ತಾಳೆ ತಿಕ್ಕುವುದು ನನ್ನ ಕೆಲಸ. ಮುಚ್ಚಳ ತೆರೆದು ಮಖಮಲ್ಲಿನ ಮೇಲೆ ಹೂ ಇಡುವುದು ಅಕ್ಕನದು, ಯಾಕೆಂದರೆ ಅವಳು ಹಾಡುತ್ತಿದ್ದಳು. ಒಂದು ಸಲ ಹೂ ಇಡಲು ನಾನು ಮುಂದಾದಾಗ ಅಪ್ಪ ಕೈ ಸರಿಸಿ, "ನಿನ್ನ ಕೈ ಕಬ್ಬಿಣಕ್ಕ ಛಲೋ ಅದಾವ, ಬಿಡು," ಎಂದ. ಅಕ್ಕ ಕಿಸಕ್ಕನೆ ನಕ್ಕಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಬಾಲಾನಗರದಲ್ಲಿ ಲೇತ್ ಕೆಲಸಕ್ಕೆ ಸೇರಿದೆ. ಆ ನಗು ನನ್ನ ಜೊತೆಗೇ ಬಂತು.

ಅಪ್ಪ ಸತ್ತ ಮೇಲೆ ಪೆಟ್ಟಿಗೆಗಳು ನನ್ನ ಮನೆ ಸೇರಿದವು. ಉಳಿದವೆಲ್ಲ ಹಾಳಾಗಿ, ದಿಲ್ರುಬಾದ್ದು ಒಂದೇ ಉಳಿಯಿತು. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಅಕ್ಕ ಬಂದಳು. ಶಾಲೆಯ ಕೆಲಸದಿಂದ ನಿವೃತ್ತಳಾಗಿದ್ದಳು. ಆ ಪೆಟ್ಟಿಗೆಗೆ ಸರಿಹೊಂದುವಂತೆ ಒಂದು ದಿಲ್ರುಬಾ ಮಾಡಿಸುತ್ತೇನೆಂದು ನೂಲು ಹಿಡಿದು ಅಳೆಯತೊಡಗಿದಳು. ನೂಲಿನ ಅಳತೆ ನಂಬಬೇಡ ಎಂದು ನಾನೇ ಸ್ಟೀಲ್ ಸ್ಕೇಲು ತಂದು, ಉದ್ದ, ಅಗಲ, ಆಳ ಎಲ್ಲ ಚೀಟಿಯಲ್ಲಿ ಬರೆದುಕೊಟ್ಟೆ. ಆ ಮಖಮಲ್ಲನ್ನು ನಾನು ಮೊದಲ ಸಲ ಮುಟ್ಟಿದ್ದು ಆವತ್ತೇ. ಅವಳು ಚೀಟಿ ಮಡಚುತ್ತ, "ಕೈ ತೊಳಕೊಂಡು ಮುಟ್ಟಬಾರದೇನೋ, ಗ್ರೀಸ್ ಹತ್ತತೈತಿ," ಎಂದಳು.

ಅಷ್ಟೇ ಮಾತು. ಮರುವಾರ, ಹೋಟೆಲಿನ ಅಲಂಕಾರಕ್ಕೆ ಹಳೆ ಸಾಮಾನು ಹುಡುಕಿಕೊಂಡು ಬಂದವನಿಗೆ ಪೆಟ್ಟಿಗೆ ಮಾರಿದೆ. ಒಳಗೇನೂ ಇಲ್ಲವೇ ಎಂದು ಅವನು ಹಿಂದಿಯಲ್ಲಿ ಕೇಳಿದ. ಎಂದೂ ಇರಲಿಲ್ಲ ಎಂದೆ. ನನಗೆ ದುಡ್ಡಿನ ಅಡಚಣೆ ಇರಲಿಲ್ಲ. ಅವಳಿಗೆ ನೋಯಲಿ ಎಂದೇ ಮಾರಿದೆ.

ಆ ವರ್ಷದ ಖಂಡೇಪೂಜೆಯ ಹಿಂದಿನ ದಿನ ಅವಳು ಅಮ್ಮನ ಹಳೆ ಇಳಕಲ್ ಸೀರೆಯಲ್ಲಿ ದಿಲ್ರುಬಾ ಸುತ್ತಿಕೊಂಡು, ಆಟೋದಿಂದ ಇಳಿದಳು. ಪೆಟ್ಟಿಗೆಗೆ ಗೆದ್ದಲು ಹಿಡಿಯಿತು, ಸುಟ್ಟೆ ಎಂದೆ.

"ಅಪ್ಪನ ತೇಗದ ಪೆಟ್ಟಿಗಿಗೆ ಗೆದ್ದಲ?" ಎಂದು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಸೊಸಿ ಬಂದಾಳ, ತಮ್ಮಾ. ಮನಿ ಎಲ್ಲೈತಿ?" ಎಂದಳು.

ಅವಳು ಅದೇ ಆಟೋದಲ್ಲಿ ಹೋದಳು, ಮತ್ತೆ ಬಂದಿಲ್ಲ. ಕೊಂಡವನನ್ನು ಹುಡುಕಿಕೊಂಡು ಎಷ್ಟೋ ಹೋಟೆಲು ಹತ್ತಿಳಿದೆ. ಸಿಗಲಿಲ್ಲ. ಇಂಥ ಸಾಮಾನೊಂದು ನಿಮ್ಮ ಮನೆಯಿಂದಲೂ ಹೋಗಿದ್ದರೆ, ಅದು ಬಿಟ್ಟುಹೋದ ಜಾಗ ಎಷ್ಟು ದೊಡ್ಡದೆಂದು ನಿಮಗೆ ಗೊತ್ತಿರುತ್ತದೆ.

ನನಗೂ ಗೊತ್ತು; ಅಳತೆ ಬಾಯಿಪಾಠವಾಗಿದೆ. ಈ ಸಲದ ಖಂಡೇಪೂಜೆಗೆ ಸ್ಕೇಲು, ಕ್ಯಾಲಿಪರುಗಳನ್ನು ತೊಳೆದಿಟ್ಟು, ಪಕ್ಕದಲ್ಲಿ ಅಷ್ಟೇ ಉದ್ದ, ಅಷ್ಟೇ ಅಗಲದ ನೆಲ ಖಾಲಿ ಬಿಟ್ಟೆ. ಅಲ್ಲಿ ಕುಂಕುಮ ಹಚ್ಚಿ, ಎರಡು ಸಲ ಕೈ ತೊಳೆದುಕೊಂಡು ಬಂದು ಹೂ ಇಟ್ಟೆ. ಕೈ ಸರಿಸುವವರು ಯಾರೂ ಇರಲಿಲ್ಲ.