ಅಪ್ಪ ಆರಿಸಿದ ಏರ್‌ಗನ್

ಇವತ್ತು ಹೊಲಿಗೆ ಮಷೀನಿಗೆ ಎಣ್ಣೆ ಬಿಡುವಾಗ, ಆ ವಾಸನೆಗೆ ಅಪ್ಪನ ಏರ್‌ಗನ್ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಉಚ್ಚಂಗಿದುರ್ಗದ ಗುಡ್ಡದಿಂದ ಕೋತಿಗಳು ಇಳಿದು ಬಂದು ನಮ್ಮ ಹೊಲದ ಮೆಕ್ಕೆಜೋಳದ ತೆನೆ ಮುರಿಯುತ್ತಿದ್ದವು. ಕಾದು ಕಾದು ಸಾಕಾಗಿ ಅಪ್ಪ ನನ್ನನ್ನೂ ಕರೆದುಕೊಂಡು ಹರಪನಹಳ್ಳಿಯ ಖಾಸಿಂ ಸಾಬರ ಬಂದೂಕಿನ ಅಂಗಡಿಗೆ ಹೋದರು. ಸಾಬರು ಜೋರು ಸ್ಪ್ರಿಂಗಿನ ಎರಡು ಗನ್ ಮುಂದಿಟ್ಟರು.

“ಇದು ಪಾಯಿಂಟ್ ಒನ್ ಸೆವೆನ್ ಸೆವೆನ್. ಗುಂಡು ಸಣ್ಣದು, ದೂರ ನೆಟ್ಟಗ ಹೋಗ್ತೈತಿ. ಇದು ಪಾಯಿಂಟ್ ಟೂ ಟೂ. ಗುಂಡು ದಪ್ಪ, ಏಟು ಬಲ. ಯಾವ್ದು ಕೊಡ್ಲಿ?”

ಅಪ್ಪ ಎರಡೂ ಗುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನಮ್ಮ ಮನೆಯಲ್ಲಿ ಶನಿವಾರ ತಪ್ಪದೆ ಆಂಜನೇಯನಿಗೆ ಕಾಯಿ ಒಡೆಯುತ್ತಿದ್ದರು.

“ತಾಗಿದ್ರ ಯಾವ್ದು ಕಡಿಮಿ ನೋವಾಗ್ತೈತಿ?” ಎಂದು ಕೇಳಿದರು.

ಸಾಬರು ಅವರ ಮುಖ ನೋಡಿ, ಸಣ್ಣ ಗುಂಡಿನದನ್ನೇ ಒಂದು ಡಬ್ಬಿ ಗುಂಡಿನ ಜೊತೆ ಕಟ್ಟಿಕೊಟ್ಟರು.

ತಿಂಗಳೊಳಗೆ ಸ್ಪ್ರಿಂಗ್ ಮುರಿಯಿತು. ಸಾಬರು ಗನ್ ಬಿಚ್ಚಿದಾಗ ಎಣ್ಣೆಯ ವಾಸನೆ ಅಂಗಡಿಯೆಲ್ಲ ತುಂಬಿತು.

“ಗುಂಡು ಹಾಕ್ದಂಗ ಹೊಡದೀರೇನ್ರಿ? ಮುಂದ ಗುಂಡಿದ್ರ ಒಳಗಿನ ಗಾಳಿ ಪಿಸ್ಟನ್ನಿನ ಏಟು ತಡೀತೈತಿ. ಇಲ್ಲಂದ್ರ ಪಿಸ್ಟನ್ ಹೋಗಿ ಬಡದು ಸ್ಪ್ರಿಂಗ್ ಮುರೀತೈತಿ.”

“ಸಪ್ಪಳ ಸಾಕಾಗಿತ್ತು ಸಾಬ್ರೇ, ಓಡಿ ಹೋಗ್ತಿದ್ವು.”

“ಸಪ್ಪಳಕ್ಕ ಅಷ್ಟೊತ್ತು ಗುಂಡು ಆರಿಸಿದ್ರಾ?”

ಅಪ್ಪ ಜೇಬಿನಿಂದ ಹೊಸ ಸ್ಪ್ರಿಂಗಿನ ದುಡ್ಡು ತೆಗೆದರು.

ಎಣ್ಣೆಯ ಬಾಟಲಿ ಇಡಲು ಈಗ ಕಪಾಟು ತೆರೆದೆ. ಒಳಗಡೆ ಮೂಲೆಯಲ್ಲಿ ಆ ಗುಂಡಿನ ಡಬ್ಬಿ ಇದೆ. ಅದರ ಮುಚ್ಚಳಕ್ಕೆ ಅಂಟಿಸಿದ ಸೀಲಿನ ಕಾಗದದ ಪಟ್ಟಿ ಇನ್ನೂ ಹರಿದಿಲ್ಲ.