ಸ್ಟಾಪ್‌ವಾಚಿನ ಮೇಲೆ ಸಂಶಯ

ನಮ್ಮ ಮನೆಯ ಸಂವಿಧಾನದಲ್ಲಿ ಇದ್ದದ್ದು ಒಂದೇ ವಿಧಿ: ಡೌಟ್ ಇದ್ದರೆ ಕೇಳಬೇಕು. ಮೈಸೂರಿನಲ್ಲಿ ನಾನು ಓದುವಾಗ ಮೇಷ್ಟ್ರು ಪಾಠ ಮುಗಿಸಿ "ಎನಿ ಡೌಟ್ಸ್?" ಎನ್ನುತ್ತಿದ್ದರು. ಪ್ರಶ್ನೆ ಬೇರೆ, ಡೌಟು ಬೇರೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಾಳೆ ರಜವೇ ಎಂಬುದೂ ಡೌಟೇ. ಆ ವಿಧಿಯನ್ನು ಯಾವ ತಿದ್ದುಪಡಿಯೂ ಇಲ್ಲದೆ ಪರದೇಶಕ್ಕೆ, ಕ್ಲೆಮೆಂಟಿ ಬಡಾವಣೆಯ ನಮ್ಮ ಬಾಡಿಗೆ ಫ್ಲ್ಯಾಟಿಗೂ ತಂದಿದ್ದೆ.

ಮಗಳು ಪ್ರೈಮರಿಯ ಕೊನೆಯ ವರ್ಷದಲ್ಲಿದ್ದಳು. ವಿಜ್ಞಾನ, ತಂತ್ರಜ್ಞಾನಕ್ಕೆಂದೇ ಇರುವ ಒಂದು ಸರ್ಕಾರಿ ಶಾಲೆಗೆ ಸೇರುವುದು ಅವಳ ಆಸೆ. ನಮ್ಮದಲ್ಲ, ಅವಳದೇ. ಮನೆಯ ಟೇಬಲ್ ಫ್ಯಾನು ಬಿಚ್ಚಿ, ಮತ್ತೆ ಜೋಡಿಸಿ, ಉಳಿದ ಒಂದು ಸ್ಕ್ರೂವನ್ನು "ಎಕ್ಸ್‌ಟ್ರಾ" ಎಂದು ಘೋಷಿಸಿದವಳು ಅವಳು. ಲಿಖಿತ ಪರೀಕ್ಷೆ ದಾಟಿದ್ದಳು. ಇನ್ನು ಉಳಿದದ್ದು ಶಾಲೆಯ ಲ್ಯಾಬಿನಲ್ಲಿ ಒಂದು ಪ್ರಯೋಗ.

ಆ ದಿನ ತಂದೆತಾಯಿಗಳನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿದ್ದರು. ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನ ಕಳೆ ಬಂದಿತ್ತು. ಎಲ್ಲರೂ ಕಾಫಿ ಕಲಕುತ್ತಿದ್ದರು, ಕುಡಿಯುವವರು ಯಾರೂ ಇರಲಿಲ್ಲ.

ಮಗಳು ಮುಖ ಸಣ್ಣ ಮಾಡಿಕೊಂಡು ಹೊರಬಂದಳು. "ಮುಗಿಸ್ಲಿಲ್ಲ ಅಪ್ಪಾ. ಶೀಟ್ ಅರ್ಧ ಖಾಲಿ."

ಎಂಆರ್‌ಟಿ ರೈಲಿನಲ್ಲಿ ಕೂತ ಮೇಲೆ ಕಥೆ ಹೊರಬಿತ್ತು. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, ದಾರದ ಉದ್ದ ಬದಲಾದ ಹಾಗೆ ತೂಗಾಟದ ಹೊತ್ತು ಹೇಗೆ ಬದಲಾಗುತ್ತದೆಂದು ಸ್ಟಾಪ್‌ವಾಚಿನಲ್ಲಿ ಅಳೆಯಬೇಕಿತ್ತು. ಉತ್ತರ ಬರೆಯುವುದು ಪೆನ್ನಿನಲ್ಲೋ ಪೆನ್ಸಿಲಿನಲ್ಲೋ ಇವಳಿಗೆ ತಿಳಿಯಲಿಲ್ಲ. ಸಂವಿಧಾನದಂತೆ ಕೈ ಎತ್ತಿ "ಸರ್, ಐ ಹ್ಯಾವ್ ಅ ಡೌಟ್" ಎಂದಿದ್ದಾಳೆ. ಇಲ್ಲಿನ ಮೇಷ್ಟ್ರಿಗೆ ಡೌಟ್ ಎಂದರೆ ಸಂಶಯ, ಅಷ್ಟೆ. ಅವರು ಹತ್ತಿರ ಬಂದು, ಯಾವುದರ ಮೇಲೆ ಸಂಶಯ ಎಂದು ಗಂಭೀರವಾಗಿ ವಿಚಾರಿಸಿದ್ದಾರೆ.

"ಪೆನ್ಸಿಲ್ ಅಂತ ಹೇಳೋಕೇನಾಗಿತ್ತೇ?" ಎಂದಳು ನನ್ನ ಹೆಂಡತಿ.

"ಹೇಗಮ್ಮಾ ಹೇಳೋದು? ಅವ್ರು ಅಷ್ಟು ಸೀರಿಯಸ್ ಆಗಿ ಕೇಳಿದ್ರು. ಎಲ್ಲಾರೂ ನನ್ನೇ ನೋಡ್ತಿದ್ರು. ಕೈಯಲ್ಲಿ ಸ್ಟಾಪ್‌ವಾಚ್ ಇತ್ತು, ಸ್ಟಾಪ್‌ವಾಚ್ ಅಂದ್ಬಿಟ್ಟೆ."

"ಅದಕ್ಕೆ ಅವ್ರು?"

"'ಗುಡ್, ದೆನ್ ಚೆಕ್ ಲಾ' ಅಂದ್ರು. ಚೆಕ್ ಮಾಡ್ದೆ."

ಹೀಗೆ, ಮಾತಿನ ಬಾಲಕ್ಕೆ 'ಲಾ' ಅಂಟಿಸುವ ಈ ಊರಿನ ಮೇಷ್ಟ್ರ ಅಪ್ಪಣೆಯಂತೆ, ಗುಂಡನ್ನು ತೂಗಲು ಬಿಟ್ಟು, ನಮ್ಮ ಮಗಳು ಗಡಿಯಾರದ ವಿಚಾರಣೆಗೆ ಕೂತಳು. ಪಕ್ಕದ ಹುಡುಗಿಯೂ ಇವಳೂ ಒಂದೇ ತೂಗಾಟವನ್ನು ಅಳೆದರು. ಇವಳದ್ದು ಸ್ವಲ್ಪ ಜಾಸ್ತಿ ಬಂತು. ವಾಚು ಅದಲುಬದಲು ಮಾಡಿಕೊಂಡರು. ಆಗಲೂ ಇವಳದ್ದೇ ಜಾಸ್ತಿ.

"ವಾಚ್ ಸರಿ ಇದೆ, ನಿಲ್ಲಿಸೋವಾಗ ನನ್ನ ಬೆರಳೇ ಲೇಟು ಅಂತ ಬರ್ದೆ. ಅಷ್ಟೊತ್ತಿಗೆ ಬೆಲ್ ಆಯ್ತು."

"ಯಾವುದ್ರಲ್ಲಿ ಬರ್ದೆ?" ಎಂದೆ.

"ಪೆನ್ಸಿಲ್."

ಕೆಲವು ವಾರ ಬಿಟ್ಟು ಬಂದ ಮೇಲ್ ಬಹಳ ಮರ್ಯಾದಸ್ಥ ಮೇಲ್. ಎಷ್ಟು ಮರ್ಯಾದೆಯಿಂದ ಬರೆದಿದ್ದರೆಂದರೆ, ಸೀಟು ಇಲ್ಲ ಎಂಬುದು ತಿಳಿಯಲು ಅದನ್ನು ಎರಡು ಸಲ ಓದಬೇಕಾಯಿತು. ಮಗಳು ಗೋಡೆ ಕಡೆ ತಿರುಗಿ ಮಲಗಿದಳು. ಉಪ್ಪಿಟ್ಟು ಆರಿಹೋಯಿತು. ನಾನು ಪೀಠಿಕೆ ಸಮೇತ ಒಂದು ಸಾಂತ್ವನ ಭಾಷಣ ತಯಾರಿಸಿಕೊಂಡೆ. ಅಂದು ಅದಕ್ಕೆ ಸಭೆಯೇ ಸೇರಲಿಲ್ಲ.

ಮರುದಿನ ಸಂಜೆ ಅವಳು ಊಟದ ಮೇಜಿಗೆ ಸ್ಕೇಲು ಹಿಡಿದುಕೊಂಡು ಬಂದಳು. "ಅಮ್ಮಾ, ಬೆರಳು ಅಗಲ ಮಾಡು. ನಾನು ಸ್ಕೇಲ್ ಬಿಟ್ಟ ತಕ್ಷಣ ಹಿಡೀಬೇಕು. ಯಾರ ಬೆರಳು ಎಷ್ಟು ಲೇಟು ಅಂತ ನೋಡ್ಬೇಕು."

ಅಮ್ಮ ಗಕ್ಕನೆ ಹಿಡಿದಳು.

"ಅಯ್ಯೋ, ಅಮ್ಮ ಫಾಸ್ಟ್ ಲಾ!"

"ಉಕ್ಕೋ ಹಾಲು ಹಿಡಿಯೋಳು ಕಣೆ ನಾನು. ನಿಮ್ಮಪ್ಪಂಗೆ ಕೊಡು, ನೋಡೋಣ."

ನಾನು ಕೈ ಚಾಚಿದೆ. ಮಗಳು ಸ್ಕೇಲನ್ನು ನನ್ನ ಬೆರಳುಗಳ ನಡುವೆ ಇಳಿಬಿಟ್ಟು ಹಿಡಿದು, ನನ್ನ ಮುಖ ನೋಡದೆ ಕೇಳಿದಳು: "ಅಪ್ಪಾ, ಆ ಸ್ಕೂಲಲ್ಲಿ ಮುಂದಿನ ವರ್ಷ ಟೆಸ್ಟ್ ಮಾಡಿ ನೇರ ಸೆಕೆಂಡ್ ಇಯರ್‌ಗೂ ತಗೋತಾರಂತೆ. ಮತ್ತೆ ಟ್ರೈ ಮಾಡ್ಲಾ?"

ಗಂಟಲು ಸರಿಮಾಡಿಕೊಂಡೆ. "ನೋಡಮ್ಮಾ, ಜೀವನದಲ್ಲಿ ಸೋಲು ಎಂಬುದು..." ಎಂದು ಆರಂಭಿಸಿದ ಕ್ಷಣಕ್ಕೇ ಸ್ಕೇಲು ಬಿಟ್ಟಳು. ಅದು ನೆಲಕ್ಕೆ ಬಿತ್ತು.

"ಮಾತಾಡ್ತಾ ಇದ್ರೆ ಅಪ್ಪನ ಬೆರಳು ಕೆಲ್ಸಾನೇ ಮಾಡಲ್ಲ" ಎಂದು ಸ್ಕೇಲು ಎತ್ತಿ ಮತ್ತೆ ಹಿಡಿದಳು. "ಭಾಷಣ ಬೇಡ. ಮಾಡ್ಲೋ ಬೇಡ್ವೋ?"

"ಮಾಡು" ಎಂದೆ.

ಈ ಸಲ ಸಿಕ್ಕಿತು, ಸ್ಕೇಲಿನ ಕೊನೆಯ ತುದಿಯಲ್ಲಿ.