ಚೀಟಿ ಸಾಹೇಬರ ಡಬ್ಬಿ
ನಮ್ಮ ಕಚೇರಿಯ ಚಿಲ್ಲರೆ ಖರ್ಚಿನ ಪೆಟ್ಟಿಗೆಗೆ ಚೀಟಿ ಸಾಹೇಬರೇ ಯಜಮಾನರು. ಅದರೊಳಗಿನ ದುಡ್ಡನ್ನೂ ಖರ್ಚಿನ ಚೀಟಿಗಳನ್ನೂ ಕೂಡಿದರೆ ಯಾವಾಗಲೂ ಐದು ಸಾವಿರ ಬರಬೇಕು. ಭೂಮಿ ತಲೆಕೆಳಗಾದರೂ ಆ ಲೆಕ್ಕ ತಲೆಕೆಳಗಾಗಕೂಡದು. ಒಂದು ಗುಂಡುಸೂಜಿ ತರಲು ಹೊರಟರೂ "ಚೀಟಿ ಎಲ್ಲಿ?" ಎನ್ನುತ್ತಾರೆ. ಒಮ್ಮೆ ಬಿಕ್ಕಳಿಕೆ ಹತ್ತಿದ ಮ್ಯಾನೇಜರು ನೀರಿನ ಬಾಟಲಿ ತರಿಸಲು ಚಿಲ್ಲರೆ ಕೇಳಿದಾಗ, "ಮೊದಲು ಸಹಿ, ಆಮೇಲೆ ಬಿಕ್ಕಳಿಕೆ" ಎಂದು ಪೆನ್ನು ಚಾಚಿದರು. ಮೂರು ಕಡೆ ಎಗರಿದ ಆ ಸಹಿ ಇಂದಿಗೂ ಫೈಲಿನಲ್ಲಿದೆ. "ಇವ್ರು ಯಮ ಬಂದ್ರೂ ಚೀಟಿ ಕೇಳ್ತಾರೆ" ಎಂದು ನಾವೆಲ್ಲ ನಗುತ್ತಿದ್ದೆವು. ಅವರ ಮನೆಯಲ್ಲೂ ಅದೇ ಕಾನೂನು: ಅಡುಗೆಮನೆಯ ಡಬ್ಬಿಯಲ್ಲಿ ಒಂದು ಸಾವಿರ, ಸಂಬಳದ ದಿನ ಕಮ್ಮಿಯಾದದ್ದನ್ನು ತುಂಬಿ, ಚೀಟಿಗಳನ್ನು ಹರಿದುಹಾಕುವುದು. ಮೊನ್ನೆ ನಾನು ಹೋದಾಗ ಕಾಫಿಗೆ ಹಾಲಿರಲಿಲ್ಲ. "ಡಬ್ಬಿಯಿಂದ ದುಡ್ಡು ತಗೊಂಡು ಹಾಲು ತಾ, ಚೀಟಿ ಹಾಕೋದು ಮರೀಬೇಡ" ಎಂದರು. ಡಬ್ಬಿಯ ತಳದಲ್ಲಿ ಅಂಚು ಸವೆದ ಚೀಟಿಯೊಂದಿತ್ತು; ಮೂರು ವರ್ಷದ ಹಿಂದೆ ತೀರಿಕೊಂಡ ಅವರ ಹೆಂಡತಿಯ ಕೈಬರಹ: "ನಿಮ್ಮ ಅಂಗಿಗೆ ಗುಂಡಿ, ದಾರ: ಮೂವತ್ತು. ಸಮಾಧಾನ ಆಯ್ತಾ, ಸಾಹೇಬ್ರೇ?" "ಈ ಮೂವತ್ತನ್ನ ಇನ್ನೂ ಯಾಕೆ ತುಂಬಿಲ್ಲ, ಸಾರ್?" ಎಂದೆ. ಅವರು ಅಂಗಿಯ ಗುಂಡಿ ಸವರುತ್ತ ಹೇಳಿದರು: "ತುಂಬಿದ್ರೆ ಚೀಟಿ ಹರೀಬೇಕಲ್ಲಪ್ಪಾ."